ನೆಲದಿಂದ ಹತ್ತುವ ಕಾಯಿದೆ

ಕಾಯಿದೆ ಮಾಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ಹೇಳದಿದ್ದರೆ ಇನ್ನೊಬ್ಬರು ಹೇಳುತ್ತಾರೆ. ನಮ್ಮ ಲಾಯದಲ್ಲಿ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರು ಹತ್ತೊಂಬತ್ತು ಮಂದಿ, ಹತ್ತೊಂಬತ್ತೂ ಕುದುರೆಗಳು.

ಉತ್ತರ ಫಿಲಡೆಲ್ಫಿಯಾದಲ್ಲಿ, ಟಯರ್ ಅಂಗಡಿಯ ಬೆನ್ನಿಗೆ, ಹಿಂದೆ ಐಸ್ ಗಾಡಿಗಳನ್ನು ನಿಲ್ಲಿಸುತ್ತಿದ್ದ ಅಂಗಳದಲ್ಲಿ ನಮ್ಮ ಲಾಯ ಇದೆ. ನನ್ನ ಹೆಸರು ಅರ್ಡೀಲಿಯಾ ಪೆಟ್ಟವೇ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಅರುವತ್ತು ಮಕ್ಕಳನ್ನು ಕನ್ನಡಿಯಲ್ಲಿ ಕಣ್ಣು ಬಿಟ್ಟೇ ಹದ್ದುಬಸ್ತಿನಲ್ಲಿ ಇಟ್ಟವಳಿಗೆ ಒಂದು ಲಾಯದ ಯಜಮಾನಿಕೆ ಏನು ಮಹಾ. ಅದನ್ನು ನನಗೆ ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ. ನನ್ನ ಕುದುರೆಯ ಹೆಸರು ಡೀಕನ್. ಚರ್ಚಿನ ಹಿರಿಯರ ಹಾಗೆ ಯಾರು ಏನು ಹೇಳಿದರೂ ಕಣ್ಣು ಮುಚ್ಚಿ ತಲೆಯಾಡಿಸುತ್ತಾನೆ, ಆಮೇಲೆ ತನಗೆ ತೋಚಿದ್ದನ್ನೇ ಮಾಡುತ್ತಾನೆ.

ಕಾಯಿದೆ ಇಷ್ಟೇ. ಪ್ರತಿ ವರ್ಷ ಈಸ್ಟರ್ ಹಬ್ಬದ ಹಿಂದಿನ ದಿನ, ಶನಿವಾರ, ಎಲ್ಲರೂ ಲಾಯದ ಅಂಗಳದಲ್ಲಿ ಎಲ್ಲರ ಕಣ್ಣೆದುರು ನೆಲದಿಂದ ಕುದುರೆ ಹತ್ತಬೇಕು. ಸ್ಟೂಲು ಇಲ್ಲ, ಹಾಲಿನ ಕ್ರೇಟು ಇಲ್ಲ, ಕಾರಿನ ಬಂಪರ್ ಇಲ್ಲ, ಹಿಂದಿನಿಂದ ನೂಕುವ ಸ್ನೇಹಿತರೂ ಇಲ್ಲ. ಎಡಗಾಲು ಜೀನಿನಿಂದ ಜೋತ ರಿಕಾಪಿಗೆ, ಬಲಗಾಲು ಜೀನಿನ ಆಚೆಗೆ. ಮೂರು ಸಲ ಪ್ರಯತ್ನಿಸಬಹುದು. ಆಗದಿದ್ದರೆ ಆ ವರ್ಷ ಬೀದಿಗೆ ಹೋಗುವಂತಿಲ್ಲ, ಅಂಗಳದಲ್ಲೇ ಸುತ್ತಬೇಕು. ಬೀದಿಯಲ್ಲಿ ಬಸ್ಸು, ಲಾರಿ, ಸೈರನ್ನು. ಕೆಳಗೆ ಬಿದ್ದವರಿಗೆ ತಾವೇ ಮತ್ತೆ ಹತ್ತಲು ಬರದಿದ್ದರೆ ಅವರಿಗೂ ಅಪಾಯ, ಕುದುರೆಗೂ ಅಪಾಯ. ಹೇಳಿ, ಇದರಲ್ಲಿ ಏನು ತಪ್ಪಿದೆ? ಹನ್ನೆರಡು ವರ್ಷ ನನಗೂ ಏನೂ ಕಾಣಿಸಲಿಲ್ಲ.

ಆ ಕಾಯಿದೆಗೆ ಕಾರಣ ಕ್ಲಿಯೋಫಸ್ ಮೇಬ್ರಿ. ಅವನ ಅಪ್ಪ ಕುದುರೆ ಗಾಡಿಯಲ್ಲಿ ಕಲ್ಲಂಗಡಿ, ಹಸಿ ಜೋಳ ಮಾರುತ್ತಿದ್ದ; ಕ್ಲಿಯೋ ನಡೆಯುವುದಕ್ಕಿಂತ ಮೊದಲು ಗಾಡಿಯ ಮೇಲೆ ಕೂತವನು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಿಂದ ಮೂರನೇ ಮನೆ ಅವರದು, ನನಗಿಂತ ಹತ್ತು ವರ್ಷ ದೊಡ್ಡವನು. ಈ ಊರಿನಲ್ಲಿ ಅವನಷ್ಟು ಚೆಂದವಾಗಿ ಕುದುರೆಯ ಮೇಲೆ ಕೂರುವವರನ್ನು ನಾನು ಕಂಡಿಲ್ಲ. ಹನ್ನೆರಡು ವರ್ಷದ ಹಿಂದೆ, ರಿಡ್ಜ್ ಅವೆನ್ಯೂದಲ್ಲಿ, ಬಸ್ಸೊಂದು ಕಿರ್ರನೆ ಬ್ರೇಕು ಹಾಕಿತು. ಅವನ ಹೆಣ್ಣುಕುದುರೆ ಬೆಚ್ಚಿ ಪಕ್ಕಕ್ಕೆ ಹಾರಿತು, ಕ್ಲಿಯೋ ಕೆಳಗೆ ಬಂದ. ಪೆಟ್ಟಾಗಲಿಲ್ಲ. ಆದರೆ ಮತ್ತೆ ಹತ್ತಲು ಆಗಲಿಲ್ಲ. ಲಗಾಮು ಹಿಡಿದು ರಸ್ತೆಯ ನಡುವೆ ಅರ್ಧ ಗಂಟೆ ನಿಂತಿದ್ದ. ಎರಡೂ ಕಡೆ ಕಾರುಗಳು ಹಾರ್ನು ಹೊಡೆಯುತ್ತಿದ್ದವು. ನಾವು ಎಂಟು ಜನ ಕುದುರೆಗಳ ಮೇಲೆ ಕೂತು ನೋಡುತ್ತಿದ್ದೆವು, ಎಲ್ಲರಿಗಿಂತ ಮುಂದೆ ನಾನು. ಯಾರನ್ನೂ ಹತ್ತಿರ ಬರಗೊಡಲಿಲ್ಲ ಅವನು. ಕಡೆಗೆ ಕುದುರೆಯನ್ನು ನಡೆಸಿಕೊಂಡೇ ಲಾಯಕ್ಕೆ ಬಂದ.

ಮರುವಾರ ನಾನು ಕಾಯಿದೆ ಬರೆದು ಬಾಗಿಲಿಗೆ ಅಂಟಿಸಿದೆ. ಈಸ್ಟರ್ ಶನಿವಾರ ಮೊದಲು ಸೋತವನು ಕ್ಲಿಯೋ. ಅಂಗಳದಲ್ಲಿ ಸುತ್ತು ಹಾಕು ಅಂದದ್ದಕ್ಕೆ, ಸುತ್ತುವುದಕ್ಕೆ ಜಾತ್ರೆಯ ಮರಗುದುರೆ ಸಾಕು, ಜೀವ ಇರುವುದು ಬೇಡ ಅಂದ. ಹೆಣ್ಣುಕುದುರೆಯನ್ನು ಮಾರಿದ. ಆದರೆ ಲಾಯಕ್ಕೆ ಬರುವುದನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಬಂದು ಒಂದು ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಯಾರ ಜೀನು ಸಡಿಲ, ಯಾರ ಕುದುರೆಯ ಲಾಳ ಸವೆದಿದೆ, ಯಾರು ಆಲೂಗಡ್ಡೆ ಮೂಟೆಯ ಹಾಗೆ ಕೂತಿದ್ದಾರೆ ಎಂದು ವರದಿ ಕೊಡುತ್ತಿದ್ದ. ಎಲ್ಲರೊಡನೆ ಮಾತಾಡುತ್ತಿದ್ದ, ನನ್ನೊಡನೆ ಮಾತ್ರ ಇಲ್ಲ. ನನಗೆ ಹೇಳಬೇಕಾದ್ದನ್ನು ಡೀಕನ್‌ಗೆ ಹೇಳುತ್ತಿದ್ದ. "ಡೀಕನ್, ನಿನ್ ಯಜಮಾನಿಗೆ ಹೇಳಪ್ಪಾ, ಹುಲ್ಲು ಬೂಸ್ಟು ಹಿಡಿದಿದೆ ಅಂತ." ನಾನೂ ಬಿಡುತ್ತಿರಲಿಲ್ಲ: "ಡೀಕನ್, ಬಕೆಟ್ ಮೇಲೆ ಕೂತಿರೋರಿಗೆ ಹೇಳು, ಕಣ್ಣಿದೆ ನಂಗೂ." ಡೀಕನ್ ಇಬ್ಬರಿಗೂ ತಲೆಯಾಡಿಸುತ್ತಿದ್ದ. ಹನ್ನೆರಡು ವರ್ಷ ಹೀಗೇ ನಡೆಯಿತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಹೋದ ಅಕ್ಟೋಬರಿನಲ್ಲಿ ನನ್ನ ಎಡಸೊಂಟದ ಕೀಲು ತೆಗೆದು ಹೊಸದು ಹಾಕಿದರು. ನಡೆಯಬಹುದು, ಕುಣಿಯಬೇಡಿ, ಮೊಣಕಾಲನ್ನು ಸೊಂಟಕ್ಕಿಂತ ಮೇಲೆ ಎತ್ತಬೇಡಿ ಅಂದರು ಡಾಕ್ಟರು. ಕುದುರೆಯ ಮೇಲೆ ಕೂರಬಹುದೇ ಅಂದೆ. ಕೂತರೆ ತೊಂದರೆ ಇಲ್ಲ, ಹತ್ತುವಾಗ ಜೋಪಾನ ಅಂದರು. ಹತ್ತದೆ ಕೂರುವುದು ಹೇಗೆ ಎಂದು ಅವರು ಹೇಳಲಿಲ್ಲ. ಮಗಳು ಯೋಲಾಂಡ ಮಾತ್ರ ಕುದುರೆ ಮಾರಿ ಬೆಕ್ಕು ಸಾಕು ಎಂದಳು. ಅವಳನ್ನು ಹೆತ್ತದ್ದು ನಾನೇ ಹೌದೇ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ.

ಜನವರಿಯಲ್ಲಿ ಒಂದು ದಿನ ಯಾರೂ ಇಲ್ಲದ ಹೊತ್ತು ನೋಡಿ ಡೀಕನ್‌ಗೆ ಜೀನು ಹಾಕಿ ಹತ್ತಲು ಹೋದೆ. ಎಡಗಾಲು ರಿಕಾಪಿನ ಅರ್ಧ ಎತ್ತರಕ್ಕೂ ಬರಲಿಲ್ಲ. ಎರಡು ಕೈಯಿಂದ ಪ್ಯಾಂಟು ಹಿಡಿದು ಎತ್ತಿದೆ, ಆಗಲೂ ಇಲ್ಲ. ಜೀನಿಗೆ ಹಣೆ ಕೊಟ್ಟು ನಿಂತೆ. ಅಳು ಬಂತು, ಮುಚ್ಚುಮರೆ ಯಾಕೆ. ಈಸ್ಟರ್ ಮೆರವಣಿಗೆಯಲ್ಲಿ ಹದಿನಾಲ್ಕು ವರ್ಷದಿಂದ ಮೊದಲ ಕುದುರೆ ನನ್ನದು. ಬಿಳಿ ಕೋಟು, ಬಿಳಿ ಟೋಪಿ, ಹಿಂದೆ ಹದಿನೆಂಟು ಕುದುರೆಗಳು, ಮೆಟ್ಟಿಲ ಮೇಲೆಲ್ಲ ಹೊಸ ಬಟ್ಟೆ ತೊಟ್ಟ ಜನ, ಪ್ರತಿ ಮನೆಯಿಂದಲೂ ನನ್ನ ಹೆಸರು. ಅದಿಲ್ಲದೆ ನಾನು ಯಾರು? ಶಾಲೆಯ ಬಸ್ಸಿನಿಂದ ರಿಟೈರಾದ ಒಬ್ಬ ಹೆಂಗಸು.

ಆಗ ಬುದ್ಧಿ ಓಡಿತು. ಓಡಬಾರದಿತ್ತು. ಲಾಯದಿಂದ ನನ್ನ ಮನೆ ಎರಡೇ ಬೀದಿ. ನಮ್ಮ ಸಾಲುಮನೆಗಳಿಗೆಲ್ಲ ಬಾಗಿಲ ಮುಂದೆ ಮೂರು ಬಿಳಿ ಕಲ್ಲಿನ ಮೆಟ್ಟಿಲು. ಬೆಳಗಿನ ಆರು ಗಂಟೆಗೆ ಡೀಕನ್‌ನನ್ನು ಹಿಡಿದು ಮನೆ ಮುಂದೆ ತಂದೆ. ಫುಟ್‌ಪಾತಿನ ಮೇಲೆ ಮೆಟ್ಟಿಲಿಗೆ ಒರಗಿಸಿ ನಿಲ್ಲಿಸಿದೆ. ಎರಡನೇ ಮೆಟ್ಟಿಲ ಮೇಲೆ ನಿಂತರೆ ರಿಕಾಪು ಕಾಲ ಬುಡಕ್ಕೇ ಬಂತು. ಕೂತೆ! ಆಹಾ, ಆ ಸುಖ. ತಣ್ಣಗಿನ ಗಾಳಿ, ಖಾಲಿ ಬೀದಿ, ಗೊರಸಿನ ಟಕಟಕ ಶಬ್ದ. ಡೀಕನ್‌ಗೆ ಒಂದು ತುಂಡು ಸೇಬು ಕೊಟ್ಟೆ. ಮರುದಿನವೂ ಹೋದೆ, ಅದರ ಮರುದಿನವೂ. ಮೂರು ತಿಂಗಳು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯಿತು.

ಡೀಕನ್ ಸಾಮಾನ್ಯನಲ್ಲ. ಅವನು ಲ್ಯಾಂಕಾಸ್ಟರ್ ಕಡೆ, ಮೋಟಾರು ಮುಟ್ಟದ ಆಮಿಶ್ ಪಂಥದ ರೈತನ ಮನೆಯಲ್ಲಿ ಗಾಡಿ ಎಳೆದವನು, ಒಮ್ಮೆ ಕಲಿತರೆ ಮರೆಯುವ ಜಾತಿಯಲ್ಲ. ಒಂದು ತಿಂಗಳೊಳಗೆ ನಾನು ಮೆಟ್ಟಿಲು ಹತ್ತುವ ಮೊದಲೇ ಫುಟ್‌ಪಾತಿಗೆ ಏರಿ, ಎಡಗಡೆಯ ಹೊಟ್ಟೆಯನ್ನು ಮೆಟ್ಟಿಲಿಗೆ ತಾಗಿಸಿ, ಕಲ್ಲಿನಂತೆ ನಿಲ್ಲುತ್ತಿದ್ದ. ಎಂಥ ಜಾಣ ನನ್ನಪ್ಪಾ ಎಂದು ಮುದ್ದು ಮಾಡಿ ಎರಡು ತುಂಡು ಸೇಬು ಕೊಟ್ಟೆ. ನನಗೆ ನಾನೇ ಹಳ್ಳ ತೋಡುತ್ತಿದ್ದೇನೆ ಎಂದು ಹೊಳೆಯಲಿಲ್ಲ.

ಇನ್ನು ಶನಿವಾರದ ಪರೀಕ್ಷೆ ದಾಟಬೇಕಿತ್ತು. ನಮ್ಮ ಅಂಗಳದಲ್ಲಿ ಕುದುರೆ ತೊಳೆದ ನೀರು ಹರಿದು ಹರಿದು, ಚರಂಡಿಯ ಹತ್ತಿರ ಒಂದು ತಗ್ಗು ಆಗಿದೆ. ಕುದುರೆಯನ್ನು ತಗ್ಗಿನಲ್ಲಿ ನಿಲ್ಲಿಸಿ ನಾನು ದಡದ ಮೇಲೆ ನಿಂತರೆ ಒಂದು ಮೊಳ ಉಳಿತಾಯ. ಅದೂ ನೆಲವೇ ಅಲ್ಲವೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನಾನು ಡೊಂಕು ನೆಲವನ್ನೇ ಹುಡುಕಿಕೊಂಡು ಹೋದೆ.

ಶನಿವಾರ ಎಲ್ಲರೂ ಸೇರಿದರು. ಒಬ್ಬೊಬ್ಬರಾಗಿ ಹತ್ತಿದರು. ಲವೆಲ್ ಒಂದೇ ಜಿಗಿತಕ್ಕೆ ಹತ್ತಿ ಟೋಪಿ ಸರಿಮಾಡಿಕೊಂಡ. ಅವನು ಕ್ಷೌರದ ಅಂಗಡಿಯವನು, ಮೂವತ್ತಾರು ವಯಸ್ಸು, ನನ್ನ ಹಿಂದೆ ಎರಡನೇ ಕುದುರೆ. ಮೊದಲ ಜಾಗದ ಮೇಲೆ ಕಣ್ಣಿದೆ, ಆದರೆ ಬಾಯಿ ಬಿಟ್ಟು ಕೇಳುವ ಧೈರ್ಯವಿಲ್ಲ; ಚಿಕ್ಕವನಿದ್ದಾಗ ನನ್ನ ಬಸ್ಸಿನಲ್ಲಿ ಬರುತ್ತಿದ್ದವನು. ನನ್ನ ಸರದಿ ಬಂದಾಗ ಡೀಕನ್‌ನನ್ನು ಗೊರಸು ತೊಳೆಯುವ ನೆಪದಲ್ಲಿ ತಗ್ಗಿಗೆ ಎಳೆದೆ. ಪ್ಯಾಂಟು ಹಿಡಿದು ಕಾಲು ಎತ್ತಿದೆ, ಹಲ್ಲು ಕಚ್ಚಿದೆ. ಕೂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊಸ ಸೊಂಟ ಅಂದರೆ ಹೀಗಿರಬೇಕು ಅಂದರು.

ಆಗ ಕ್ಲಿಯೋ ಬಕೆಟ್ಟಿನಿಂದ ಎದ್ದ. ಊರುಗೋಲು ಊರಿಕೊಂಡು ಬಂದು, ತಗ್ಗನ್ನು ನೋಡಿದ, ದಡವನ್ನು ನೋಡಿದ, ಕತ್ತೆತ್ತಿ ನನ್ನನ್ನು ನೋಡಿದ.

"ಚೆನ್ನಾಗ್ ಹತ್ತಿದೆ, ಅರ್ಡೀಲಿಯಾ," ಅಂದ.

ಡೀಕನ್‌ಗಲ್ಲ, ನನಗೇ. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಹೊಗಳಿದ್ದಕ್ಕೆ ಏನು ಮಾಡಲಿ? ಮನೆಗೆ ಬಂದು ಹಬ್ಬದ ಹ್ಯಾಮು ಒಲೆಗೆ ಇಟ್ಟರೂ, ಸಿಹಿಗೆಣಸಿನ ಪೈಗೆ ಹಿಟ್ಟು ನಾದಿದರೂ ಅದೇ ಮಾತು ಕಿವಿಯಲ್ಲಿ. ಅವನಿಗೆ ಗೊತ್ತಾಗಿದೆಯೋ ಇಲ್ಲವೋ? ಗೊತ್ತಾಗಿದ್ದರೆ ಎಲ್ಲರೆದುರು ಹೇಳುವುದಕ್ಕೆ ಏನು ಅಡ್ಡಿ? ನಾನಾಗಿದ್ದರೆ ಹೇಳುತ್ತಿದ್ದೆ. ಪೈಗೆ ಸಕ್ಕರೆ ಎರಡು ಸಲ ಹಾಕಿದೆ.

ಭಾನುವಾರ ಬಿಸಿಲು ಹೇಳಿ ಮಾಡಿಸಿದ ಹಾಗಿತ್ತು. ಡೀಕನ್‌ನ ಜಡೆಗೆ ನೇರಳೆ ರಿಬ್ಬನ್ನು, ಗೊರಸಿಗೆ ಎಣ್ಣೆ. ಲಾಯಕ್ಕೆ ನಾನು ಎಲ್ಲರಿಗಿಂತ ಮೊದಲೇ ಹೋಗಿ ತಗ್ಗಿನಿಂದಲೇ ಹತ್ತಿ ಕೂತಿದ್ದೆ. ಹೊರಟೆವು. ಮುಂದೆ ನಾನು, ಹಿಂದೆ ಲವೆಲ್, ಅವನ ಹಿಂದೆ ಸಾಲು. ದೊಡ್ಡ ರಸ್ತೆಯಲ್ಲಿ ಎಲ್ಲ ಸುಸೂತ್ರ. ಸಿಗ್ನಲ್ಲಿನ ಬಳಿ ಎಲ್ಲಿಂದಲೋ ಬಂದ ಕಾರಿನವನೊಬ್ಬ ಕಿಟಕಿ ಇಳಿಸಿ, ನೀವು ನಿಜವಾದ ಕೌಬಾಯ್‌ಗಳೇ ಎಂದು ಕೇಳಿದ. ಇಲ್ಲಪ್ಪಾ, ನಾವು ಹಲ್ಲಿನ ಡಾಕ್ಟರುಗಳು ಅಂದೆ. ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಾನೆ. ಆ ಕ್ಷಣದವರೆಗೆ ನನ್ನಷ್ಟು ಸುಖಿ ಈ ಊರಿನಲ್ಲಿ ಇನ್ನೊಬ್ಬಳಿರಲಿಲ್ಲ.

ಆಮೇಲೆ ಸಾಲುಮನೆಗಳ ಬೀದಿಗೆ ತಿರುಗಿದೆವು.

ಸಣ್ಣ ಬೀದಿ, ಒಂದೇ ಕಡೆಗೆ ಹೋಗುವ ದಾರಿ. ನಮಗೋಸ್ಕರ ಆ ಬೀದಿಯವರು ಎಡಗಡೆಯ ಕಾರುಗಳನ್ನೆಲ್ಲ ತೆಗೆಸಿದ್ದರು. ಎಡಗಡೆ ನಲವತ್ತು ಮನೆ, ನಲವತ್ತು ಬಾಗಿಲು, ನಲವತ್ತು ಬಾಗಿಲಿಗೂ ಮೂರು ಬಿಳಿ ಮೆಟ್ಟಿಲು. ಡೀಕನ್ ಕಿವಿ ನಿಮಿರಿಸಿದ. ನಾನು ಲಗಾಮು ಬಿಗಿ ಮಾಡುವಷ್ಟರಲ್ಲಿ ಫುಟ್‌ಪಾತಿಗೆ ಏರಿದ. ಮೊದಲ ಮನೆಯ ಮೆಟ್ಟಿಲಿಗೆ ಹೊಟ್ಟೆ ತಾಗಿಸಿದ. ನಿಂತ.

ಆ ಮನೆಯ ಮುಂದೆ ಹಳದಿ ಟೋಪಿ ಹಾಕಿಕೊಂಡು ನಿಂತಿದ್ದವರು ಮಿಸೆಸ್ ಐನೆಜ್ ಟಾಲಿವರ್. ಕುದುರೆ ತಮಗೆ ನಮಸ್ಕಾರ ಹೇಳಲು ಬಂತೆಂದು ಅವರಿಗೆ ಕಣ್ಣಲ್ಲಿ ನೀರೇ ಬಂತು. ತಟ್ಟೆಯಲ್ಲಿದ್ದ ಕೊಬ್ಬರಿ ಕೇಕು ಕೊಟ್ಟರು. ಡೀಕನ್ ತಿಂದ. ಹ್ಯಾಪಿ ಈಸ್ಟರ್ ಎಂದು ಹೇಳಿ, ಹಿಮ್ಮಡಿಯಿಂದ ತಿವಿದು ಹೊರಡಿಸಿದೆ. ಎರಡು ಮನೆ ದಾಟಿದ. ಮೂರನೆಯದರ ಮುಂದೆ ಮತ್ತೆ ಏರಿದ, ತಾಗಿಸಿದ, ನಿಂತ. ಅಲ್ಲಿ ಕೇಕು ಇರಲಿಲ್ಲ. ಹಿಂದಿನ ಹದಿನೆಂಟು ಕುದುರೆಗಳು ಒಂದರ ಬಾಲಕ್ಕೆ ಒಂದು ಮೂತಿ ಕೊಟ್ಟು ನಿಂತವು. ಆರನೇ ಮನೆ, ಮತ್ತೆ ಅದೇ. ಎಂಟನೇ ಮನೆ, ಮತ್ತೆ ಅದೇ; ಅಲ್ಲಿ ಮೆಟ್ಟಿಲ ಮೇಲೆ ಒಬ್ಬ ಮುದುಕ ಪೇಪರ್ ಓದುತ್ತ ಕೂತಿದ್ದ. ಪ್ರತಿ ಸಲವೂ ಹಿಂದೆ ತಿರುಗಿ ಸೇಬಿಗಾಗಿ ನನ್ನ ಮುಖ ನೋಡುತ್ತಿದ್ದ. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ.

ಬೀದಿಯವರು ನಗುತ್ತಿದ್ದರು, ಅವರಿಗೆ ಇದೊಂದು ಆಟ. ಆದರೆ ಹಿಂದಿದ್ದವರು ಬೀದಿಯವರಲ್ಲ, ಕುದುರೆಯವರು. ಕುದುರೆ ಮೆಟ್ಟಿಲಿಗೆ ಎಡಹೊಟ್ಟೆ ಕೊಟ್ಟು ಯಾಕೆ ನಿಲ್ಲುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರ ಕಣ್ಣು ನನ್ನ ಬೆನ್ನಿಗೆ ತಾಗುತ್ತಿತ್ತು.

ಲವೆಲ್ ತನ್ನ ಕುದುರೆಯನ್ನು ಪಕ್ಕಕ್ಕೆ ತಂದ. ಅವನಿಗೆ ಗೊತ್ತಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ಬಾಯಿ ಬಿಟ್ಟಿದ್ದರೆ ಮೊದಲ ಜಾಗ ಅವನದಾಗುತ್ತಿತ್ತು. ತಗ್ಗಿದ ದನಿಯಲ್ಲಿ ಹೇಳಿದ: "ಕೇಕ್ ರುಚಿ ಹತ್ತಿದೆ ಅಷ್ಟೇ ಮಿಸ್ ಡೀಲಿಯಾ. ನಡೀರಿ, ನಾನು ಎಡಗಡೆಗೆ ಅಡ್ಡ ಬರ್ತೀನಿ. ಹಬ್ಬದ ದಿನ, ಬಿಡಿ."

ಒಳ್ಳೆಯ ಹುಡುಗ. ಹೌದು, ಕೇಕಿನ ರುಚಿ, ಎಂದು ಹೇಳಲು ನನ್ನ ಬಾಯಿ ತೆರೆದೇ ಇತ್ತು. ಹೇಳಿದ್ದರೆ ಎಲ್ಲರೂ ನಂಬಿದ ಹಾಗೆ ಮಾಡುತ್ತಿದ್ದರು. ಅಷ್ಟರಲ್ಲಿ ಫುಟ್‌ಪಾತಿನ ಮೇಲೆ ಕ್ಲಿಯೋ ಕಂಡ. ಪ್ರತಿ ಈಸ್ಟರಿಗೂ ಅವನು ನಮ್ಮ ಜೊತೆಗೆ ನಡೆದೇ ಬರುತ್ತಾನೆ, ಬೂದು ಸೂಟು, ಮಿಂಚುವ ಬೂಟು, ಊರುಗೋಲು. ಹತ್ತು ಹೆಜ್ಜೆ ಆಚೆ ನಿಂತಿದ್ದ. ನಗುತ್ತಿರಲಿಲ್ಲ. ಅಡಿಗೆಯಲ್ಲಿ ಉಪ್ಪು ಹಾಕಿದೆಯೋ ಇಲ್ಲವೋ ಎಂದು ಕೇಳಿ ಉತ್ತರಕ್ಕೆ ಕಾಯುವವನ ಹಾಗೆ ಕಾಯುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಇಳಿದೆ. ಇಳಿಯುವುದು ಸುಲಭ, ಭೂಮಿ ಎಳೆದುಕೊಳ್ಳುತ್ತದೆ.

"ಎಲ್ಲಾರೂ ಕೇಳಿ," ಅಂದೆ. ಬಸ್ಸಿನಲ್ಲಿ ಪಳಗಿದ ಗಂಟಲು, ಮೈಕು ಬೇಡ. "ಇದು ಕೇಕಿನ ಆಸೆ ಅಲ್ಲ. ಜನವರಿಯಿಂದ ನಾನು ನಮ್ಮನೆ ಮೆಟ್ಲಿಂದ ಹತ್ತಿದೀನಿ. ನಿನ್ನೆ ತಗ್ಗಲ್ಲಿ ನಿಲ್ಸಿ ಹತ್ತಿದೆ, ಮೋಸ ಅದು. ನೆಲದಿಂದ ಹತ್ತೋಕೆ ನನ್ ಕೈಲಿ ಆಗಲ್ಲ. ಕಾಯಿದೆ ನಂದೇ. ಲವೆಲ್, ಮುಂದೆ ಹೋಗು, ಜಾಗ ನಿಂದು."

ಇಷ್ಟು ಹೇಳಿ ಲಗಾಮು ಹಿಡಿದು ವಾಪಸು ಲಾಯದ ಕಡೆ ತಿರುಗಿದೆ. ಬಿಳಿ ಕೋಟು ತೊಟ್ಟು ಕುದುರೆ ಎಳೆದುಕೊಂಡು ಹೋಗುವ ಅವಮಾನ ಎಷ್ಟು ಭಾರವೆಂದು ನಾನು ಆವರೆಗೆ ಯೋಚಿಸಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟಿರಬೇಕು, ಕ್ಲಿಯೋ ಊರುಗೋಲನ್ನು ಅಡ್ಡ ಹಿಡಿದ.

"ನಂಗೆ ಜನವರಿಯಿಂದಾನೇ ಗೊತ್ತು," ಅಂದ. "ಆರು ಗಂಟೆಗೆ ಕಾಫಿಗೆ ಹೋಗೋ ದಾರಿ ನಿಮ್ಮ ಬೀದೀದೇ. ದಿನಾ ಮೂಲೇಲಿ ನಿಂತು ನೋಡ್ತಿದ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮೊದಮೊದ್ಲು ಮಜಾ ಬಂತು. ಸಿಕ್ಕಿಬಿದ್ಲು ಕಳ್ಳಿ ಅಂತ. ಆಮೇಲೆ..." ಅವನು ಡೀಕನ್‌ನ ಕುತ್ತಿಗೆ ಸವರಿದ. "ಆಮೇಲೆ ನೀನು ಹತ್ತಿ ಕೂತ್ಕೊಂಡಾಗ ನಿನ್ ಮುಖ ನೋಡ್ದೆ."

ಹಿಂದೆ ಯಾರದೋ ಕುದುರೆ ಲದ್ದಿ ಹಾಕಿತು, ಯಾರೂ ನಗಲಿಲ್ಲ. ಕ್ಲಿಯೋ ಮತ್ತೆ ಶುರುಮಾಡಿದ, ಈ ಸಲ ನನಗೊಬ್ಬಳಿಗೇ ಕೇಳುವ ಹಾಗೆ.

"ರಿಡ್ಜ್ ಅವೆನ್ಯೂದಲ್ಲಿ ಅವತ್ತು ನಾನು ಬಿದ್ನಲ್ಲ. ಎಡಗಡೆ ಹತ್ತು ಹೆಜ್ಜೇಲಿ ಒಂದು ಮನೆ ಇತ್ತು. ಮೆಟ್ಲು ಇತ್ತು. ಕುದುರೇನ ಅಲ್ಲಿಗ್ ಕರ್ಕೊಂಡು ಹೋಗಿ ಹತ್ತಿದ್ರೆ ಒಂದು ನಿಮಿಷದ ಕೆಲಸ. ಗೊತ್ತಿತ್ತು ನಂಗೆ. ನಮ್ಮಪ್ಪನ ಗಾಡಿ ಕುದುರೆ ಮೇಲೆ ನಾನು ಕಲ್ತಿದ್ದೇ ಮೆಟ್ಲಿಂದ. ಆದ್ರೆ ನೀನು ಮುಂದೇನೇ ಕುದುರೆ ಮೇಲೆ ಕೂತಿದ್ದೆ, ನೋಡ್ತಾ. ಮುದುಕನ ಹಾಗೆ ಮೆಟ್ಲು ಹುಡುಕ್ಕೊಂಡು ಹೋಗೋದು ಹೇಗೆ ಅಂತ ನಾಚ್ಕೆ ಆಯ್ತು. ಅರ್ಧ ಗಂಟೆ ನಾಚ್ಕೆಗೇ ನಿಂತಿದ್ದು, ಕಾಲಿಗಲ್ಲ."

ನಾನು ಆ ದಿನವನ್ನು ಹನ್ನೆರಡು ವರ್ಷ ಅವನ ಕಾಲಿನ ಕತೆ ಎಂದು ತಿಳಿದಿದ್ದೆ. ಕುದುರೆಯಿಂದ ಇಳಿದು ಅವನ ಪಕ್ಕಕ್ಕೆ ಹೋಗಿ, ಬಾ ಕ್ಲಿಯೋ, ಅಲ್ಲೊಂದು ಮೆಟ್ಟಿಲಿದೆ, ಎಂದಿದ್ದರೆ ಮುಗಿಯುತ್ತಿತ್ತು. ಅದರ ಬದಲು ಕಾಗದಕ್ಕೆ ಕಾಯಿದೆ ಬರೆದು ಅಂಟಿಸಿದೆ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಆ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಿತ್ತು. ಅವನ ಮೇಲೇ ಇಳಿಸಿದೆ.

"ಹಾಗಾದ್ರೆ ಹತ್ತು," ಅಂದೆ.

"ಏನು?"

"ಮೆಟ್ಲು ಅಲ್ಲೇ ಇದೆ. ಈ ಊರಲ್ಲಿ ಮೆಟ್ಟಿಲಿಗೆ ಇಷ್ಟು ಚೆನ್ನಾಗಿ ನಿಲ್ಲೋ ಕುದುರೆ ಇನ್ನೊಂದಿಲ್ಲ, ಮೂರು ತಿಂಗ್ಳು ಕದ್ದು ಕಲ್ಸಿದೀನಿ. ಹತ್ತು."

"ನಂಗೆ ಎಪ್ಪತ್ತಾರು ವರ್ಷ, ಅರ್ಡೀಲಿಯಾ."

"ಡೀಕನ್‌ಗೆ ಹದಿನೇಳು. ಅವನೇನ್ ತಕರಾರು ಮಾಡ್ತಿಲ್ಲ. ಈಗ್ಲೂ ನಾಚ್ಕೆನಾ?"

ಆ ಮಾತು ತಾಗಬೇಕೆಂದೇ ಹೇಳಿದ್ದೆ, ತಾಗಿತು. ಊರುಗೋಲನ್ನು ನನ್ನ ಕೈಗೆ ತುರುಕಿದ. ಮುದುಕ ಪೇಪರ್ ಮಡಚಿ ಜಾಗ ಬಿಟ್ಟ. ಕ್ಲಿಯೋ ಒಂದು ಮೆಟ್ಟಿಲು ಹತ್ತಿದ, ನಿಂತು ಉಸಿರು ತೆಗೆದುಕೊಂಡ, ಇನ್ನೊಂದು ಹತ್ತಿದ. ಡೀಕನ್ ಯಾರೂ ಹೇಳದೆಯೇ ತಿರುಗಿ ಬಂದು, ಎಡಹೊಟ್ಟೆ ತಾಗಿಸಿ, ಕಣ್ಣು ಮುಚ್ಚಿ ನಿಂತ. ಲವೆಲ್ ಸಹಾಯಕ್ಕೆ ಇಳಿಯಲು ಹೊರಟಿದ್ದ, ಕಣ್ಣಲ್ಲೇ ಗದರಿದೆ. ಎಡಗಾಲು ರಿಕಾಪಿಗೆ ಹೋಯಿತು. ಬಲಗಾಲು ನಡುಗುತ್ತ ಜೀನನ್ನು ದಾಟಿತು. ಬೂಟು ಒಮ್ಮೆ ಹಿಂದಿನ ಅಂಚಿಗೆ ತಗುಲಿತು, ಆಮೇಲೆ ಅವನು ಕೂತಿದ್ದ.

ಕೂತ ಮೇಲೆ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಹೆಗಲು ಇಳಿಯಿತು, ಕೈ ಹಗುರಾಯಿತು. ಹನ್ನೆರಡು ವರ್ಷ ಬಕೆಟ್ಟಿನ ಮೇಲೆ ಕೂತವನು ಯಾರೋ, ಇವನು ಯಾರೋ. ಮಿಸೆಸ್ ಟಾಲಿವರ್ ಏಳು ಮನೆ ಆಚೆಯಿಂದ, ಕಲ್ಲಂಗಡಿ ಗಾಡಿಯ ಮೇಬ್ರಿಯ ಮಗ ಅಲ್ಲವೇ ಅದು ಎಂದು ಕೂಗಿ ಕೇಳಿದರು. ಅವನು ಟೋಪಿಯ ಅಂಚು ಮುಟ್ಟಿ ಹೌದು ಅಂದ.

ಮೆರವಣಿಗೆ ಮತ್ತೆ ಹೊರಟಿತು. ಮುಂದೆ ಕ್ಲಿಯೋ, ಅವನ ಹಿಂದೆ ಲವೆಲ್. ಪಕ್ಕದಲ್ಲಿ ಊರುಗೋಲು ಹಿಡಿದು ನಾನು. ಡೀಕನ್ ಮತ್ತೆ ಒಂದು ಮೆಟ್ಟಿಲಿಗೂ ಹೋಗಲಿಲ್ಲ; ಕ್ಲಿಯೋ ಎರಡು ಬೆರಳಲ್ಲಿ ಲಗಾಮು ಹಿಡಿದು ಅವನೊಡನೆ ಏನೋ ಮಾತಾಡುತ್ತಿದ್ದ, ಅವನು ತಲೆಯಾಡಿಸಿದ್ದೂ ಅಲ್ಲದೆ ಹೇಳಿದ್ದನ್ನು ಮಾಡಿದ. ನನಗೆ ಹೊಟ್ಟೆಕಿಚ್ಚಾಯಿತು. ಖುಷಿಯೂ ಆಯಿತು. ಎರಡೂ ಒಟ್ಟಿಗೆ ಆಗಬಹುದೆಂದು ಆ ದಿನ ಕಲಿತೆ.

ಚರ್ಚಿನ ಮುಂದೆ ಇಳಿಯುತ್ತಾನೆ ಅಂದುಕೊಂಡೆ. ಇಳಿಯಲಿಲ್ಲ. ಪಾದ್ರಿಗೆ ಟೋಪಿ ಎತ್ತಿ ಮುಂದೆ ಹೋದ. ಪಾರ್ಕಿನ ಅಂಚಿನವರೆಗೂ ಹೋದ, ಅಲ್ಲಿ ಸ್ವಲ್ಪ ದೂರ ಕುಕ್ಕುಲೋಟದಲ್ಲೂ ಓಡಿಸಿದ, ನಾನು ಹಿಂದಿನಿಂದ ಬೈದೆ, ಕೇಳಿಸದ ಹಾಗೆ ಮಾಡಿದ. ಹದಿನೇಳು ಬೀದಿ ನಡೆದೆ. ಹೊಸ ಸೊಂಟ ಪರವಾಗಿಲ್ಲ, ಹಳೆಯ ಮೊಣಕಾಲು ಬೊಬ್ಬೆ ಹೊಡೆಯುತ್ತಿತ್ತು. ಬಿಳಿ ಬೂಟಿಗೆ ಹದಿನೆಂಟು ಕುದುರೆಗಳ ಧೂಳು. ಕೆಳಗಿನಿಂದ ನೋಡಿದರೆ ಮೆರವಣಿಗೆಯಲ್ಲಿ ಕಾಣುವುದು ಏನು ಅಂದರೆ, ಹೊಟ್ಟೆ, ಬಾಲ, ರಿಕಾಪಿನಲ್ಲಿ ಇರುವವರ ಬೂಟಿನ ಅಟ್ಟೆ. ಪ್ರತಿ ಈಸ್ಟರಿಗೂ ಬೂದು ಸೂಟು ತೊಟ್ಟು ಇದನ್ನೇ ನೋಡುತ್ತ ಅವನು ನಡೆದಿದ್ದ. ಒಂದು ವರ್ಷವೂ ತಪ್ಪಿಸದೆ, ಅದೂ ನನ್ನ ಹಿಂದೆ.

ಹೆಜ್ಜೆ ಬೀಸಿ ಹಾಕಿ ಅವನ ರಿಕಾಪಿನ ಪಕ್ಕಕ್ಕೆ ಬಂದೆ. ನನ್ನ ಬಾಯಿಂದ ಸುಲಭಕ್ಕೆ ಬರುವ ಮಾತಲ್ಲ ಅದು, ಯೋಲಾಂಡಳ ಅಪ್ಪನಿಗೂ ನಾನು ಒಮ್ಮೆಯೂ ಹೇಳಿದವಳಲ್ಲ.

"ತಪ್ಪಾಯ್ತು, ಕ್ಲಿಯೋ," ಅಂದೆ.

ಅವನು ಮುಂದೆ ನೋಡುತ್ತಲೇ ಕಿವಿಗೆ ಕೈ ಇಟ್ಟ. "ಸ್ವಲ್ಪ ಜೋರಾಗ್ ಹೇಳಮ್ಮಾ. ಕುದುರೆ ಮೇಲಿದೀನಿ ನೋಡು, ಕೆಳಗಿರೋರ ಮಾತು ಇಲ್ಲಿಗೆ ಕೇಳ್ಸಲ್ಲ."

ಲವೆಲ್ ಫಕ್ಕನೆ ನಕ್ಕ. ನಾನು ಊರುಗೋಲನ್ನು ರಸ್ತೆಗೆ ಊರಿ ನಿಂತು, ಎದೆ ತುಂಬ ಗಾಳಿ ಎಳೆದುಕೊಂಡು, ಅರುವತ್ತು ಮಕ್ಕಳ ಬಸ್ಸನ್ನು ಸುಮ್ಮನಾಗಿಸುತ್ತಿದ್ದ ದನಿಯಲ್ಲಿ ಮತ್ತೊಮ್ಮೆ ಹೇಳಿದೆ. ಆ ಬೀದಿಯಲ್ಲಿ ತೆರೆಯದೆ ಉಳಿದ ಕಿಟಕಿ ಒಂದೂ ಇರಲಿಲ್ಲ.